ಹಣ್ಣನ್ನು ಸಾಕ್ಷಿಗೆ ಕರೆಯಬೇಡಿ



ಮದ್ಯವನ್ನು ಮದ್ಯವೆಂದೇ ಕರೆದು ಕುಡಿಯುವವನ ಬಗ್ಗೆ ನನಗೆ ಮರುಕವಿದೆ, ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಮದ್ಯಕ್ಕೆ ಬೇರೆ ಹೆಸರಿಟ್ಟು, ಗಾಜಿನ ಭರಣಿಯಲ್ಲಿ ತುಂಬಿ, ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನಕಾಯಿಯ ಪಕ್ಕದಲ್ಲಿ ಕೂರಿಸುವವರ ಮೇಲೆ. ಈಚಿನ ಕೆಲವು ವರ್ಷಗಳಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಅನುಕೂಲಸ್ಥರ ಮನೆಗಳಲ್ಲಿ ಹೊಸದೊಂದು ಪದ್ಧತಿ ಕಾಣಿಸಿಕೊಂಡಿದೆ. ಅದರ ಹೆಸರು ‘ಹಣ್ಣಿನ ವಿಸ್ಕಿ’. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಹೊತ್ತು ತಂದ ವಿದ್ಯೆ ಇದು. ಮೊಬೈಲಿನಲ್ಲಿ ನೋಡಿ ಕಲಿತದ್ದು. ‘ಅಂಗಡಿಯದಲ್ಲ, ಮನೆಯಲ್ಲೇ ಮಾಡಿದ್ದು’ ಎಂಬುದು ಅದರ ಮೊದಲ ಹೆಗ್ಗಳಿಕೆ. ‘ಹಣ್ಣು ಇದೆಯಲ್ಲ, ಒಳ್ಳೆಯದೇ’ ಎಂಬುದು ಎರಡನೆಯದು. ಈ ಎರಡೂ ಮಾತುಗಳು ಸುಳ್ಳೆಂದು ತೋರಿಸುವುದೇ ಈ ಬರಹದ ಉದ್ದೇಶ.

ತಿಳಿಯದವರಿಗಾಗಿ ವಿಧಾನವನ್ನು ಹೇಳಿಬಿಡುತ್ತೇನೆ. ಅದರಲ್ಲಿ ಗುಟ್ಟೇನೂ ಇಲ್ಲ. ಅನಾನಸ್ಸನ್ನೋ ಮಾವನ್ನೋ ಕಿತ್ತಳೆಯನ್ನೋ ಹೆಚ್ಚಿ ಭರಣಿಗೆ ಹಾಕುತ್ತಾರೆ. ಮೇಲೆ ಒಂದು ಬಾಟಲಿ ವಿಸ್ಕಿ ಸುರಿಯುತ್ತಾರೆ. ಚಕ್ಕೆ, ಏಲಕ್ಕಿ ಅವರವರ ರುಚಿಗೆ ಬಿಟ್ಟದ್ದು. ಮೂರರಿಂದ ಐದು ದಿನ ಮುಚ್ಚಿಟ್ಟು, ದಿನಕ್ಕೊಮ್ಮೆ ಅಲ್ಲಾಡಿಸಿ, ಕೊನೆಗೆ ಸೋಸುತ್ತಾರೆ. ಸಕ್ಕರೆ ಪಾಕ, ನಿಂಬೆರಸ, ಸೋಡಾ ಬೆರೆಸಿ, ಮಂಜುಗಡ್ಡೆ ಹಾಕಿ ಕೊಟ್ಟರೆ ಅದು ಕಾಕ್‌ಟೇಲ್. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಗೊತ್ತಲ್ಲ? ಕೆಂಪು ತೊಳೆಯ ಆ ತಳಿಯನ್ನು ಗುರುತಿಸಿ, ಕಸಿ ಕಟ್ಟಿ ಹಂಚಲು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಶ್ರಮಪಟ್ಟಿದ್ದಾರೆ. ಅಂಥ ತೊಳೆಗಳನ್ನೂ ವಿಸ್ಕಿಯಲ್ಲಿ ಅದ್ದಿಟ್ಟದ್ದನ್ನು ಕಂಡೆ. ಹಲಸು ಬಾಯಿ ಬಿಡುವಂತಿದ್ದರೆ ಏನೆನ್ನುತ್ತಿತ್ತೋ.

ಹೋದ ವರ್ಷ ಬಂಧುವೊಬ್ಬರ ಗೃಹಪ್ರವೇಶದಲ್ಲಿ ನಡೆದದ್ದನ್ನು ಹೇಳಬೇಕು. ಬೆಳಗ್ಗೆ ಹೋಮ, ಮಧ್ಯಾಹ್ನ ಹೋಳಿಗೆಯ ಊಟ, ಎಲ್ಲವೂ ಕ್ರಮವಾಗಿ ನಡೆಯಿತು. ಸಂಜೆ ಹಿರಿಯರು ಹೊರಟ ಮೇಲೆ ತಾರಸಿಯ ಮೇಲೆ ಹುಡುಗರ ಕೂಟ. ಮೆಟ್ಟಿಲ ಬಳಿಯ ಮೇಜಿನ ಮೇಲೆ ಎರಡು ಭರಣಿಗಳಿದ್ದವು. ಒಂದರಲ್ಲಿ ಬೇಲದ ಹಣ್ಣಿನ ಪಾನಕ, ಇನ್ನೊಂದರಲ್ಲಿ ಅನಾನಸ್ಸಿನ ವಿಸ್ಕಿ. ಬಣ್ಣದಲ್ಲಿ ಎರಡಕ್ಕೂ ಅಷ್ಟೇನೂ ಅಂತರವಿರಲಿಲ್ಲ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಲೋಟ ಹಿಡಿದು ಬಂದು, ‘ಅಜ್ಜಿ, ನನಗೆ ಅನಾನಸ್ ಜ್ಯೂಸ್’ ಎಂದಳು. ಆಕೆಯ ಅಜ್ಜಿ, ಅಕ್ಷರ ಬಲ್ಲ, ಬುದ್ಧಿವಂತ ಹೆಂಗಸು, ಸೌಟನ್ನು ಭರಣಿಗೆ ಇಳಿಸಿಯೂ ಆಗಿತ್ತು. ‘ಅದು ದೊಡ್ಡವರದು, ಬಿಡಿ’ ಎಂದು ಯಾರೋ ಮೇಲಿನಿಂದ ಕೂಗಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಾಟಲಿಯ ಮೇಲೆ ಚೀಟಿಯಿರುತ್ತದೆ, ಮುಚ್ಚಳವಿರುತ್ತದೆ, ಮೂಗಿಗೆ ಬಡಿಯುವ ವಾಸನೆಯಿರುತ್ತದೆ. ಇವೆಲ್ಲ ಎಚ್ಚರಿಕೆಗಳು. ಹಣ್ಣಿನ ಭರಣಿ ಈ ಎಚ್ಚರಿಕೆಗಳನ್ನು ಒಂದೊಂದಾಗಿ ಕಳಚಿಹಾಕುತ್ತದೆ. ಅದನ್ನೇ ಕಲೆ ಎನ್ನುತ್ತಾರೆ.

ವಿಜ್ಞಾನ ಮತ್ತು ಗಣಿತವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದವನು ನಾನು. ಲೆಕ್ಕ ಮಾಡದೆ ಬಿಡುವವನಲ್ಲ. ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಮದ್ಯಸಾರ. 750 ಮಿಲಿಲೀಟರಿನ ಬಾಟಲಿಯಲ್ಲಿ 321 ಮಿಲಿಲೀಟರು. ಹಣ್ಣು ಕಾಲು ಲೀಟರು ರಸ ಬಿಟ್ಟಿತೆಂದು ಉದಾರವಾಗಿಯೇ ಹಿಡಿಯೋಣ. ಒಟ್ಟು ಒಂದು ಲೀಟರಾಯಿತು. ಅದರಲ್ಲಿ ಮದ್ಯಸಾರ ಎಷ್ಟು? ಅದೇ 321 ಮಿಲಿಲೀಟರು. ಎಂದರೆ ನೂರಕ್ಕೆ 32 ಪಾಲು. ಹಣ್ಣು ಒಂದು ಹನಿ ಮದ್ಯಸಾರವನ್ನೂ ನುಂಗಿ ಇಲ್ಲವಾಗಿಸಲಿಲ್ಲ. ನೀರು ಬೆರೆಸಿದಂತೆ ತೆಳುವಾಗಿಸಿತು, ಅಷ್ಟೆ. ಈ ‘ಜ್ಯೂಸಿ’ನ 100 ಮಿಲಿಲೀಟರಿನಲ್ಲಿರುವ ಮದ್ಯಸಾರವು ನೂರಕ್ಕೆ 5 ಪಾಲಿನ ಬಿಯರಿನ 650 ಮಿಲಿಲೀಟರಿನ ದೊಡ್ಡ ಬಾಟಲಿಯೊಂದರಲ್ಲಿ ಇರುವಷ್ಟೇ ಇದೆ. ಅರ್ಧ ಲೋಟ ಕುಡಿದವನಿಗೆ ತಾನು ಒಂದು ದೊಡ್ಡ ಬಾಟಲಿ ಬಿಯರು ಕುಡಿದೆನೆಂಬ ಅರಿವೇ ಇರುವುದಿಲ್ಲ. ‘ಬರೀ ಹಣ್ಣು ಕಣಣ್ಣ’ ಎನ್ನುತ್ತ ಇನ್ನರ್ಧ ಲೋಟಕ್ಕೆ ಕೈ ಚಾಚುತ್ತಾನೆ.

ಸೋಸಿದ ಮೇಲೆ ಉಳಿಯುವ ಹಣ್ಣಿನ ಹೋಳುಗಳ ಕಥೆ ಇನ್ನೂ ವಿಚಿತ್ರ. ಎಂಟನೆಯ ತರಗತಿಯಲ್ಲಿ ನಿಮಗೆ ವಿಸರಣೆಯನ್ನು ಕಲಿಸಿದ್ದೆ. ನೀರಿನ ಗಾಜಿಗೆ ಒಂದು ಹನಿ ಶಾಯಿ ಹಾಕಿ ಕಾಯುತ್ತಿದ್ದೆವು, ನೆನಪಿದೆಯೆ? ಇಲ್ಲಿ ನಡೆಯುವುದೂ ಅಂಥದೇ. ಹಣ್ಣಿನ ಸಕ್ಕರೆ, ಬಣ್ಣ, ಪರಿಮಳಗಳು ಮದ್ಯಕ್ಕೆ ಹೋಗುತ್ತವೆ. ಮದ್ಯಸಾರವು ಹಣ್ಣಿನೊಳಕ್ಕೆ ಬರುತ್ತದೆ. ಐದು ದಿನ ನೆನೆದ ಹೋಳಿನೊಳಗಿನ ರಸ ಹೊರಗಿನ ದ್ರವದಷ್ಟೇ ಖಾರವಾಗಿರುತ್ತದೆ. ಅದನ್ನು ‘ಚೆಲ್ಲುವುದೇಕೆ’ ಎಂದು ತಟ್ಟೆಯಲ್ಲಿಟ್ಟು ಹಲ್ಲುಕಡ್ಡಿ ಚುಚ್ಚಿ ಹಂಚುತ್ತಾರೆ. ಹೋಳಿನ ಮೇಲೆ ಬರೆದಿರುತ್ತದೆಯೆ, ಇದು ಮಕ್ಕಳಿಗಲ್ಲ ಎಂದು?

ಮದ್ಯದ ಕಹಿ, ಗಂಟಲು ಸುಡುವ ಆ ಉರಿ, ಇವು ದೇಹದ ಕಾವಲುಗಾರರು. ಮೊದಲ ಸಲ ಕುಡಿದವನು ಮುಖ ಕಿವಿಚುವುದು ಅದಕ್ಕಾಗಿಯೇ. ಸಕ್ಕರೆ, ನಿಂಬೆ, ಹಣ್ಣಿನ ಪರಿಮಳ ಇವು ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟುತ್ತವೆ. ಆದ್ದರಿಂದ ಹಣ್ಣಿನ ವಿಸ್ಕಿಯ ನಿಜವಾದ ಗಿರಾಕಿ ಕುಡಿದು ಪಳಗಿದವನಲ್ಲ, ಅವನಿಗೆ ಇದು ಮಕ್ಕಳಾಟ. ನಿಜವಾದ ಗಿರಾಕಿ ಇನ್ನೂ ಕುಡಿಯದವನು: ಹದಿನೆಂಟರ ಹುಡುಗ, ಸಂಕೋಚದ ಸೊಸೆ, ‘ರುಚಿ ನೋಡೋಣ’ ಎನ್ನುವ ಚಿಕ್ಕಪ್ಪ. ನಮ್ಮ ರಾಜ್ಯದಲ್ಲಿ ಮದ್ಯ ಕೊಳ್ಳುವ ವಯಸ್ಸು 21. ಅದನ್ನು 18ಕ್ಕೆ ಇಳಿಸುವ ಕರಡು ನಿಯಮವೊಂದನ್ನು ಸರ್ಕಾರ ತಂದಾಗ ಜನರಿಂದ ಆಕ್ಷೇಪ ಬಂದು, 2023ರ ಜನವರಿಯಲ್ಲಿ ಅದನ್ನು ಕೈಬಿಡಬೇಕಾಯಿತು. ಆಗ ಮನೆಮನೆಯಲ್ಲೂ ಸರ್ಕಾರವನ್ನು ಬೈದೆವು. ಈಗ ಅದೇ ಮನೆಗಳಲ್ಲಿ ವಯಸ್ಸು ಕೇಳುವವರಿಲ್ಲ. ಅಂಗಡಿಯವನು ಕೇಳಬೇಕಾದ್ದನ್ನು ಅಪ್ಪ ಕೇಳುವುದಿಲ್ಲವೆಂದರೆ ಏನು ಹೇಳೋಣ?

‘ಮನೆಯಲ್ಲೇ ಮಾಡಿದ್ದು’ ಎಂಬ ಹೆಗ್ಗಳಿಕೆಯನ್ನೂ ಸ್ವಲ್ಪ ಪರೀಕ್ಷಿಸೋಣ. ಮನೆಯಲ್ಲಿ ಮಾಡಿದ್ದು ಏನು? ಹಣ್ಣು ಹೆಚ್ಚಿದ್ದು. ವಿಸ್ಕಿ ಮನೆಯಲ್ಲಿ ಮಾಡಿದ್ದಲ್ಲ, ಕಾರ್ಖಾನೆಯದು. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹುಪಾಲಿನ ಬುಡ ಬಹುಕಾಲ ಕಾಕಂಬಿಯೇ ಆಗಿತ್ತು. ಎಂದರೆ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಈಗ ಧಾನ್ಯದ ಮದ್ಯಸಾರವೂ ಸೇರುತ್ತಿದೆ. ಕಾಕಂಬಿಯಿಂದ ಇಳಿಸಿದ್ದನ್ನು ವಿಸ್ಕಿ ಎಂದು ಕರೆಯಲು ಯುರೋಪಿನ ದೇಶಗಳ ಕಾನೂನು ಒಪ್ಪುವುದಿಲ್ಲ. ಬಾರ್ಲಿಯಿಂದ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಮಾಗಿಸುವ ಪದ್ಧತಿಯೂ ನಮ್ಮಲ್ಲಿಲ್ಲದೆ ಇಲ್ಲ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲೇ ಮಾರುಕಟ್ಟೆಗೆ ಬಂತು. ಆ ಕಸುಬಿನ ಹೆಚ್ಚುಗಾರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥದ್ದನ್ನು ಕೊಂಡವನು ಅದಕ್ಕೆ ಅನಾನಸ್ ಹಾಕುವುದಿಲ್ಲ. ಹಣ್ಣು ಬೇಕಾಗುವುದು ಒಳಗಿನ ಸರಕಿನ ರುಚಿಯನ್ನು ಮುಚ್ಚಬೇಕಾದಾಗ. ‘ಮನೆಯದು’ ಎಂಬ ಮಾತು ಹೆಚ್ಚಿನಪಕ್ಷ ಮುಚ್ಚಳದ ಮಾತು.

ಇನ್ನು, ‘ಮನೆಯಲ್ಲಿ ಕುಡಿದರೆ ಬೀದಿಯಲ್ಲಿ ಬೀಳುವುದಿಲ್ಲ, ಬಾರಿಗೆ ಹೋಗುವುದು ತಪ್ಪುತ್ತದೆ’ ಎನ್ನುವವರಿದ್ದಾರೆ. ಈ ವಾದದಲ್ಲಿ ಒಂದು ಪಾಲು ನಿಜವಿದೆ. ಕುಡಿದು ಬೈಕು ಓಡಿಸುವುದಕ್ಕಿಂತ ಮನೆಯಲ್ಲಿ ಬಿದ್ದಿರುವುದು ಮೇಲು. ಆದರೆ ಬಾರಿಗೆ ಬಾಗಿಲು ಮುಚ್ಚುವ ಹೊತ್ತೊಂದಿದೆ, ಬಿಲ್ಲೊಂದಿದೆ, ಅಳತೆಯ ಲೋಟವೊಂದಿದೆ. ಮನೆಯ ಭರಣಿಗೆ ಇವೊಂದೂ ಇಲ್ಲ. ಅದಕ್ಕಿಂತ ದೊಡ್ಡ ಮಾತು ಹೆಂಗಸರದು. ಗಂಡಸು ಬಾರಿನಲ್ಲಿ ಕುಡಿದರೆ ಅವನ ಲೋಟವನ್ನು ಬಾರಿನವನು ತೊಳೆಯುತ್ತಾನೆ. ಮನೆಯಲ್ಲಿ ಕುಡಿದರೆ ಹಣ್ಣು ಹೆಚ್ಚುವವಳು ಯಾರು, ಪಾಕ ಕಾಯಿಸುವವಳು ಯಾರು, ನಂಚಿಕೊಳ್ಳಲು ಕಡಲೆಬೀಜ ಹುರಿಯುವವಳು ಯಾರು, ನಡುರಾತ್ರಿ ಕಕ್ಕಿದ್ದನ್ನು ಬಳಿಯುವವಳು ಯಾರು? ನಮ್ಮ ತಾಯಂದಿರು ಗಂಡಸರ ಕುಡಿತದಿಂದ ನೊಂದರು ನಿಜ. ಆದರೆ ಅದನ್ನು ಹೊಸ್ತಿಲಾಚೆಗೆ ಇಟ್ಟಿದ್ದರು. ಅದಕ್ಕೆ ಅವರು ಅಡುಗೆ ಮಾಡಿಕೊಡಲಿಲ್ಲ. ಈಗ ಅದನ್ನು ‘ರೆಸಿಪಿ’ ಎಂದು ಕರೆದು ಹೊಸ್ತಿಲು ದಾಟಿಸಿದ್ದೇವೆ. ಒಲೆಯ ಮುಂದೆ ನಿಂತವಳಿಗೆ ಬೇಡವೆನ್ನುವ ಹಕ್ಕೂ ಉಳಿಯಲಿಲ್ಲ.

‘ಕೊಡಗಿನಲ್ಲಿ ಮನೆಮನೆಯಲ್ಲೂ ವೈನ್ ಮಾಡುವುದಿಲ್ಲವೆ?’ ಎಂದು ಕೇಳುತ್ತಾರೆ. ಮಾಡುತ್ತಾರೆ. ಅದು ಹಣ್ಣಿನ ರಸವನ್ನೇ ಹುಳಿಬರಿಸಿ ಮಾಡುವ ಪಾನೀಯ. ವೈನಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ ಹತ್ತು ಹನ್ನೆರಡರ ಆಸುಪಾಸು. ಅದನ್ನು ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ಅದನ್ನು ವೈನ್ ಎಂದೇ ಕರೆಯುತ್ತಾರೆ, ಜ್ಯೂಸ್ ಎಂದಲ್ಲ. ಇನ್ನು ಕೆಲವರು ಪುರಾಣಕ್ಕೆ ಹೋಗುತ್ತಾರೆ: ‘ದೇವತೆಗಳೂ ಸುರೆ ಕುಡಿದರಲ್ಲ ಮೇಷ್ಟ್ರೇ.’ ಸರಿ, ಅದೇ ಮಹಾಭಾರತದ ಮೌಸಲಪರ್ವವನ್ನೂ ಓದಿ. ಪ್ರಭಾಸ ಕ್ಷೇತ್ರದಲ್ಲಿ ಕುಡಿದು ಮತ್ತರಾದ ಯಾದವರು ಒಬ್ಬರನ್ನೊಬ್ಬರು ಬಡಿದು ಕೊಂದರು. ಕೃಷ್ಣನ ಕಣ್ಣೆದುರಿಗೇ ಒಂದು ಕುಲ ಮುಗಿಯಿತು. ಪುರಾಣವನ್ನು ಸಾಕ್ಷಿಗೆ ಕರೆದವರು ಅದರ ಪೂರ್ತಿ ಹೇಳಿಕೆಯನ್ನು ಕೇಳಬೇಕು.

‘ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದು’ ಎಂಬುದು ಇನ್ನೊಂದು ಹಳೆಯ ರಾಗ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯವನ್ನು ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗದ ಪದಾರ್ಥಗಳ ಪಟ್ಟಿಗೆ ಸೇರಿಸಿತು. ತಂಬಾಕೂ ಇರುವುದು ಅದೇ ವರ್ಗದಲ್ಲಿ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಅಪಾಯವಿಲ್ಲದ ಕುಡಿತದ ಪ್ರಮಾಣವೆಂಬುದೇ ಇಲ್ಲವೆಂದು ಸ್ಪಷ್ಟವಾಗಿ ಹೇಳಿತು. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಮದ್ಯದಿಂದಾದ ಸಾವುಗಳು ಸುಮಾರು 26 ಲಕ್ಷ ಎಂಬುದು ಅದೇ ಸಂಸ್ಥೆಯ ಲೆಕ್ಕ. ಈ ಅಂಕಿಗಳಲ್ಲಿ ಅನಾನಸ್ ಹಾಕಿದ್ದಕ್ಕೆ ರಿಯಾಯಿತಿ ಇಲ್ಲ.

ಅಂಕಿಗಳು ದೂರದವು ಎನ್ನುವವರಿಗೆ ಹತ್ತಿರದ್ದೊಂದನ್ನು ಹೇಳುತ್ತೇನೆ. ನನ್ನ ವಿದ್ಯಾರ್ಥಿ. ಹೆಸರು ಬೇಡ, ಅವನ ತಾಯಿ ಇನ್ನೂ ಇದ್ದಾರೆ. ರೇಖಾಗಣಿತದಲ್ಲಿ ನಾನು ಒಂದು ದಾರಿ ತೋರಿಸಿದರೆ ಎರಡನೆಯದನ್ನು ತಾನೇ ಹುಡುಕಿಕೊಂಡು ಬರುತ್ತಿದ್ದ. ಇಂಜಿನಿಯರಾದ, ಒಳ್ಳೆಯ ಸಂಬಳ ಬಂತು. ಸ್ನೇಹಿತರ ಮನೆಗಳಲ್ಲಿ ಸಿಹಿ ಬೆರೆಸಿದ್ದನ್ನೇ ಕುಡಿಯುತ್ತ ಶುರುಮಾಡಿದನಂತೆ. ‘ಅದು ಕುಡಿತವಲ್ಲಮ್ಮ, ಪಾರ್ಟಿ’ ಎಂದು ತಾಯಿಗೆ ಹೇಳುತ್ತಿದ್ದನಂತೆ. ಕೆಲವು ವರ್ಷಗಳಲ್ಲಿ ಸಿಹಿ ಬೇಡವಾಯಿತು, ಸ್ನೇಹಿತರೂ ಬೇಡವಾದರು, ಬಾಟಲಿ ಮಾತ್ರ ಬೇಕಾಯಿತು. ನಲವತ್ತು ತುಂಬುವ ಮೊದಲೇ ಯಕೃತ್ತು ಕೆಟ್ಟು ತೀರಿಕೊಂಡ. ಆ ತಾಯಿ ಈಗಲೂ ತೋಟದ ಕಾಯಿ ಸುಲಿಸಿ, ಕೊಬ್ಬರಿ ಮಾಡಿಸಿ ಮೊಮ್ಮಗಳ ಶಾಲೆಯ ಶುಲ್ಕ ಕಟ್ಟುತ್ತಿದ್ದಾರೆ. ಒಮ್ಮೆ ನನ್ನನ್ನು ಕೇಳಿದರು: ‘ಮೇಷ್ಟ್ರೇ, ಮೊದಲನೇ ದಿನವೇ ಅದು ಕಹಿಯಾಗಿದ್ದಿದ್ದರೆ ನನ್ನ ಮಗ ಉಗಿದುಬಿಡುತ್ತಿದ್ದನೋ ಏನೋ, ಅಲ್ಲವೆ?’ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಬರಹವನ್ನು ಬರೆಸುತ್ತಿದೆ.

ಈ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ನಾಚಿಕೆಯೂ ಇರಬೇಕು. ನಾವು ಕಲ್ಪವೃಕ್ಷದ ನಾಡಿನವರು. ತೆಂಗಿನ ಹೊಂಬಾಳೆ ಅರಳುವ ಮುನ್ನವೇ ಅದನ್ನು ಹದಮಾಡಿ ಕೊಯ್ದರೆ ಸಿಹಿಯಾದ ರಸ ಇಳಿಯುತ್ತದೆ. ಅದೇ ನೀರಾ. ಅದರಲ್ಲಿ ಮತ್ತಿಲ್ಲ. ಬಿಸಿಲಿಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿತು ಸೇಂದಿಯಾಗುತ್ತದೆ. ತಂಪಿನಲ್ಲಿಟ್ಟರೆ ಸಿಹಿಯಾಗಿಯೇ ಉಳಿಯುತ್ತದೆ. 1990ರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದು ಕಾಯಿಗಳು ಮುರುಟಿ ಹೋದಾಗ ರೈತರು, ಕಾಯಿ ಇಲ್ಲದಿದ್ದರೆ ನೀರಾವನ್ನಾದರೂ ಇಳಿಸಿ ಬದುಕುತ್ತೇವೆ ಎಂದು ಕೇಳಿದರು. ಅಬಕಾರಿ ಕಾನೂನು ಬಿಡಲಿಲ್ಲ. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಯ ಮೇಲೆ ಪೊಲೀಸರ ಗುಂಡು ಹಾರಿ ರೈತರ ಪ್ರಾಣ ಹೋಯಿತು. ಕಾನೂನಿಗೆ ತಿದ್ದುಪಡಿ ಬಂದು ನೀರಾಕ್ಕೆ ದಾರಿಯಾಗಲು ಆಮೇಲೆ ಒಂದೂವರೆ ದಶಕ ಬೇಕಾಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಸವನ್ನು ಹುಳಿಯದಂತೆ ಇಳಿಸುವ ವಿಧಾನವನ್ನು ರೂಪಿಸಿ, ಅದಕ್ಕೆ ಕಲ್ಪರಸವೆಂದು ಹೆಸರಿಟ್ಟರು.

ಈಗ ಹೇಳಿ. ಮತ್ತಿಲ್ಲದ ರಸವೊಂದನ್ನು ನಮ್ಮದೇ ಮರದಿಂದ ಇಳಿಸಲು ಜನ ಗುಂಡಿಗೆ ಎದೆಯೊಡ್ಡಬೇಕಾಯಿತು. ಆ ರಸವನ್ನು ತಿಪಟೂರಿನ ಎಷ್ಟು ಗೃಹಪ್ರವೇಶಗಳಲ್ಲಿ ಹಂಚಿದ್ದೀರಿ? ಎಷ್ಟು ಮಂದಿ ಹುಡುಗರು ಅದರ ವಿಧಾನವನ್ನು ಮೊಬೈಲಿನಲ್ಲಿ ಹುಡುಕಿದ್ದೀರಿ? ಮತ್ತಿರುವುದನ್ನು ಹಣ್ಣಿನಂತೆ ತೋರಿಸಲು ಐದು ದಿನ ಕಾಯುವ ಸಹನೆ ನಿಮಗಿದೆ. ಸಹನೆಯೇ ಬೇಕೆಂದರೆ ನಿಮ್ಮ ಮನೆಯ ಅಟ್ಟವನ್ನೇ ನೋಡಿ. ಬಲಿತ ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಮಲಗಿ, ಒಳಗಿನ ನೀರನ್ನು ತಾನೇ ಹೀರಿ, ಗಿಟಕಾಗಿ, ಉಂಡೆ ಕೊಬ್ಬರಿಯಾಗುತ್ತದೆ. ಯಾವ ಮದ್ಯಸಾರದ ನೆರವೂ ಇಲ್ಲದೆ ಸಿಹಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಯ ಹೆಸರು ದೇಶಕ್ಕೆಲ್ಲ ತಿಳಿದದ್ದು ಆ ಸಹನೆಯಿಂದ.

ನಮ್ಮ ಹಿರಿಯರ ದಾರಿ ಹೇಗಿತ್ತೆಂಬುದನ್ನೂ ನೆನೆಯಬೇಕು. 1939ರಲ್ಲಿ ಪಕ್ಕದ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು, ಎಸ್. ನಿಜಲಿಂಗಪ್ಪನವರು ಮುಂದಾಳಾಗಿ ಜೈಲಿಗೆ ಹೋದರು. ಮರ ಕಡಿದದ್ದು ಸರಿಯೆ ಎಂಬ ಚರ್ಚೆ ಇರಲಿ. ಹೆಂಡ ಬಡವನ ಮನೆಯನ್ನು ತಿನ್ನುತ್ತಿದೆ ಎಂಬ ಸಂಕಟ ಅವರಿಗಿತ್ತು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಹಿಂದೆ ಹಳ್ಳಿಯ ಹೆಂಗಸರ ಕೂಗಿತ್ತು. ಕೂಲಿಯವನ ಸಾರಾಯಿ ಪಾಕೀಟು ಹೋದಾಗ ‘ಒಳ್ಳೆಯದಾಯಿತು’ ಎಂದ ನಾವೇ ಇಂದು ಅದೇ ಮದ್ಯಸಾರಕ್ಕೆ ಏಲಕ್ಕಿ ಹಾಕಿ ಸಂಸ್ಕೃತಿ ಎನ್ನುತ್ತಿದ್ದೇವೆ. ಬಡವ ಕುಡಿದರೆ ಚಟ, ನಾವು ಕುಡಿದರೆ ಅಭಿರುಚಿ. ಇದು ಯಾವ ನ್ಯಾಯ?

ನನ್ನ ಕೋರಿಕೆ ದೊಡ್ಡದಲ್ಲ. ಬೆಳೆದು ನಿಂತವರ ಕೈಯಿಂದ ಲೋಟ ಕಿತ್ತುಕೊಳ್ಳುವ ಅಧಿಕಾರ ನಿವೃತ್ತ ಮೇಷ್ಟ್ರಿಗಿಲ್ಲ. ಕುಡಿಯುವುದೇ ಆದರೆ ಬಾಟಲಿಯನ್ನು ಬಾಟಲಿಯಾಗಿಯೇ ಇಡಿ, ಅದರ ಚೀಟಿ ಕೀಳಬೇಡಿ, ಮಕ್ಕಳ ಕೈಗೆ ಸಿಗದಲ್ಲಿಡಿ, ಹೆಂಗಸರಿಂದ ಅದಕ್ಕೆ ಅಡುಗೆ ಮಾಡಿಸಬೇಡಿ, ಕುಡಿಯದವನನ್ನು ‘ಬರೀ ಹಣ್ಣು’ ಎಂದು ಪುಸಲಾಯಿಸಬೇಡಿ. ಹಣ್ಣನ್ನು ಹಣ್ಣಾಗಿಯೇ ಹಂಚಿ. ಬೇಲದ ಹಣ್ಣಿಗೆ ಬೆಲ್ಲ ಹಾಕಿ ಕಿವುಚಿ, ಏಲಕ್ಕಿ ಪುಡಿ ಉದುರಿಸಿ ಕೊಟ್ಟ ಪಾನಕಕ್ಕೆ ಮಿಗಿಲಾದ ಪಾನೀಯವನ್ನು ನಾನು ಕುಡಿದಿಲ್ಲ. ಅದೂ ಸಾಲದೆಂದರೆ ಹಿತ್ತಲಿನ ಮರದಿಂದ ಎರಡು ಎಳನೀರು ಕೆಡವಿಸಿ. ಯಾವ ವಯಸ್ಸಿನವರು ಕೇಳಿದರೂ ಯೋಚಿಸದೆ ಕೊಡಬಹುದು. ಅಜ್ಜಿಯ ಸೌಟು ಯಾವ ಪಾತ್ರೆಗೆ ಇಳಿದರೂ ಯಾರೂ ಮೇಲಿನಿಂದ ಕೂಗಬೇಕಾಗಿಲ್ಲದ ಮನೆ, ಅದೇ ನನ್ನ ಪಾಲಿಗೆ ಅತಿಥಿಸತ್ಕಾರ ಬಲ್ಲ ಮನೆ.

ಒಪ್ಪದವರು ಧಾರಾಳವಾಗಿ ಬರೆಯಿರಿ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವರನ್ನು ನಾನು ಎಂದೂ ಕೂರಿಸಿದವನಲ್ಲ. ಆದರೆ ಬರೆಯುವ ಮುನ್ನ ಆ 321 ಮಿಲಿಲೀಟರಿನ ಲೆಕ್ಕವನ್ನು ನೀವೇ ಒಮ್ಮೆ ಮಾಡಿ ನೋಡಿ.